ಅಣ್ಣನವರ ಕಾಯಿಲೆ

ನಮ್ಮ ಅಣ್ಣನವರು ಲಿಂಗೈಕ್ಯರಾಗಿ 25 ವರ್ಷ ತುಂಬಿದ ನಿಮಿತ್ತ 2023ರಲ್ಲಿ ಕೆರಗೋಡಿನ ನಮ್ಮ ಮನೆಯಲ್ಲಿ ಗಣಾರಾಧನೆ ಏರ್ಪಟ್ಟಿತ್ತು. ಆ ದಿನ ಪ್ರಸಾದಕ್ಕೆ ಮುಂಚೆ ನಾವು ನೆರೆದ ಬಂಧುಗಳೆದುರು ಒಂದು ಮಾತನ್ನು ಹೇಳಬೇಕಾಯಿತು. ಅದು ಕಾಲು ಶತಮಾನ ತಡವಾಗಿ ಹೇಳಿದ ಮಾತು. ಅಂದು ಕೇಳಿದವರು ಬೆರಳೆಣಿಕೆಯ ಮಂದಿ. ಅದರ ಹಿಂದಿರುವ ವಿಷಯ ಪ್ರತಿಯೊಂದು ಸದ್ಭಕ್ತ ಕುಟುಂಬಕ್ಕೂ ತಿಳಿದಿರಬೇಕಾದುದೆಂದು ತೋರಿದ್ದರಿಂದ ಈ ಪುಟಗಳಲ್ಲಿ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ, ಮಠದ ಪಾಠಶಾಲೆಯಲ್ಲಿ ಕಲಿತು, ಅಂಥದೇ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಬೋಧಿಸಿ ನಿವೃತ್ತರಾದವರು. ವೈದ್ಯಶಾಸ್ತ್ರದ ವಿಚಾರವನ್ನೆಲ್ಲ ನಮಗೆ ತಿಳಿಯುವಂತೆ ಹೇಳಿಕೊಟ್ಟವಳು ನಮ್ಮ ತಂಗಿಯ ಮಗಳು. ಆಕೆ ವೈದ್ಯೆ.

1971ರ ಮಳೆಗಾಲ. ನಮಗೆ 11 ವರ್ಷ, ಅಣ್ಣನವರಿಗೆ 15. ಆಗ ನಮ್ಮೂರಿಗೆ ವಾರಕ್ಕೊಮ್ಮೆ ಸೈಕಲ್ಲಿನ ಮೇಲೆ ಸೂಜಿಮದ್ದಿನವರೊಬ್ಬರು ಬರುತ್ತಿದ್ದರು. ಅವರು ಓದಿದ ವೈದ್ಯರೇ, ಯಾರಲ್ಲಾದರೂ ಕೆಲಸಕ್ಕಿದ್ದು ಕೈ ಪಳಗಿಸಿಕೊಂಡವರೇ ಎಂದು ಊರಿನಲ್ಲಿ ಯಾರೂ ಕೇಳಿದವರಲ್ಲ. ಜ್ವರವಿರಲಿ, ಕೆಮ್ಮಿರಲಿ, ಬರಿಯ ನಿಶ್ಶಕ್ತಿಯೇ ಇರಲಿ, ಸೂಜಿ ಚುಚ್ಚಿಸಿಕೊಂಡರೆ ಗುಣವಾದಂತೆ ಎಂಬ ನಂಬಿಕೆ ಆಗ ಬಲವಾಗಿತ್ತು. ಅವರ ಚರ್ಮದ ಚೀಲದಲ್ಲಿ ಒಂದು ಗಾಜಿನ ಪಿಚಕಾರಿ, ಎರಡು ಸೂಜಿ, ಒಂದು ಹಿತ್ತಾಳೆಯ ಡಬ್ಬಿ. ಡಬ್ಬಿಯ ನೀರು ಬೆಳಿಗ್ಗೆ ಒಮ್ಮೆ ಕುದಿಯುತ್ತಿತ್ತು. ಆಮೇಲೆ ಮಧ್ಯಾಹ್ನದವರೆಗೂ ಅದೇ ನೀರಿನಲ್ಲಿ ಸೂಜಿಯನ್ನು ಅದ್ದಿ ಅದ್ದಿ ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ. ಆ ವರ್ಷ ಬೀದಿಯಲ್ಲೆಲ್ಲ ಜ್ವರ. ನಮ್ಮಿಬ್ಬರನ್ನೂ ಜಗುಲಿಯ ಮೇಲೆ ಸಾಲಾಗಿ ಕೂರಿಸಿ ಮೂರು ವಾರ ಚುಚ್ಚಿಸಿದರು. ಅಣ್ಣನವರು ಮೊದಲು, ನಾವು ಆಮೇಲೆ. ನಾವು ಅಳುತ್ತಿದ್ದೆವು; ಅವರು ಅಳುತ್ತಿರಲಿಲ್ಲ.

ಎರಡು ತಿಂಗಳಾಗುವುದರೊಳಗೆ ನಮ್ಮ ಕಣ್ಣು ಹಳದಿಯಾಯಿತು, ಅನ್ನ ಕಂಡರೆ ಓಕರಿಕೆ. ಕಾಮಾಲೆಯೆಂದು ತಾಯಿಯವರು ಗದ್ದೆಯ ಬದುವಿನಿಂದ ನೆಲನೆಲ್ಲಿಯನ್ನು ಕಿತ್ತು ತಂದು, ಅರೆದು, ಹಸುವಿನ ಹಾಲಿನಲ್ಲಿ ಕದಡಿ ಬರಿಯ ಹೊಟ್ಟೆಗೆ ಕುಡಿಸಿದರು. ಖಾರ, ಎಣ್ಣೆ ನಿಲ್ಲಿಸಿದರು. ತಿಂಗಳೊಪ್ಪತ್ತಿನಲ್ಲಿ ಹಳದಿ ಇಳಿಯಿತು. ಅಣ್ಣನವರಿಗೆ ಏನೂ ಆಗಲಿಲ್ಲ. “ಹಿರಿಯೋನು ಕಲ್ಲುಗುಂಡು, ಕಿರಿಯೋನದೇ ಪುಕ್ಕಲು ಮೈ” ಎಂದು ತಾಯಿಯವರು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಕಾಮಾಲೆಯೇ ನಮ್ಮ ಬಾಳಿನ ದಾರಿಯನ್ನು ನಿರ್ಧರಿಸಿತೆಂದರೂ ತಪ್ಪಾಗದು. ಮೈಯಲ್ಲಿ ಕಸುವಿಲ್ಲದವನು ಆರಂಬಕ್ಕೆ ಆಗುವುದಿಲ್ಲವೆಂದು ಮರುವರ್ಷ ತಂದೆಯವರು ನಮ್ಮನ್ನು ಮಠದ ಪಾಠಶಾಲೆಗೆ ಬಿಟ್ಟರು. ಗಟ್ಟಿಮುಟ್ಟಾದ ಅಣ್ಣನವರು ನೇಗಿಲು ಹಿಡಿದರು. ನಮ್ಮ ಓದಿಗೆ ಬೇಕಾದ ಹಣವೆಲ್ಲ ಅವರು ಬೆಳೆದ ಕಬ್ಬು, ಭತ್ತಗಳಿಂದ ಬಂದುದು.

1996ರ ಹೊತ್ತಿಗೆ ಅಣ್ಣನವರಿಗೆ ಆಯಾಸ ಮೊದಲಾಯಿತು. ಮರುವರ್ಷ ಕಾಲು ಊದಿಕೊಂಡವು, ಹೊಟ್ಟೆ ಉಬ್ಬಿತು. ಜಲೋದರವೆಂದು ನಗರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಾಗ ಅಲ್ಲಿನ ವೈದ್ಯರು ಹೊಟ್ಟೆಯನ್ನು ತಟ್ಟಿ ನೋಡಿ ಕೇಳಿದ ಮೊದಲ ಪ್ರಶ್ನೆ, “ಎಷ್ಟು ವರ್ಷದಿಂದ ಕುಡಿಯುತ್ತಿದ್ದೀಯಾ?” ಎಂಬುದು. ಅಣ್ಣನವರು ಇಲ್ಲವೆಂದರು. “ಎಲ್ಲರೂ ಹೀಗೆಯೇ ಹೇಳುತ್ತಾರೆ” ಎಂದು ಅವರು ಚೀಟಿ ಬರೆದರು. ಆ ಮಾತು ನಮಗಿಂತ ಮುಂಚೆ ಊರು ತಲುಪಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಕದ್ದು ಕುಡಿಯುತ್ತಿದ್ದನಂತೆ ಎಂದು ಜಗುಲಿಗಳ ಮೇಲೆ ಮಾತಾಯಿತು.

ಇನ್ನು ನಮ್ಮ ಪಾಲಿನ ವಿಚಾರ. ನಾವು ಆಗ ದೂರದ ಊರಿನಲ್ಲಿದ್ದೆವು. ಸುದ್ದಿ ತಿಳಿದು ಅಣ್ಣನವರಿಗೆ ನಾಲ್ಕು ಪುಟಗಳ ಕಾಗದ ಬರೆದೆವು. ಅದರಲ್ಲಿ ಶಾಸ್ತ್ರವಿತ್ತು, ಹಿತವಚನವಿತ್ತು, ಕುಲದ ಮಾನವಿತ್ತು, “ನಿಜವಾಗಿ ಕುಡಿಯುತ್ತಿದ್ದೀಯಾ?” ಎಂಬ ಒಂದು ಪ್ರಶ್ನೆ ಮಾತ್ರ ಇರಲಿಲ್ಲ. ಹದಿನೈದು ದಿನಕ್ಕೆ ಕಾರ್ಡು ಬಂದಿತು. ನಾಲೆಗೆ ನೀರು ಬಿಟ್ಟಿದ್ದಾರೆ, ಕಬ್ಬು ಕಟಾವಿಗೆ ಬಂದಿದೆ, ನಿನಗೆ ಅಕ್ಕಿ ಕಳಿಸುತ್ತೇನೆ ಎಂದು ಬರೆದಿದ್ದರು. ನಮ್ಮ ಕಾಗದದ ವಿಷಯವಾಗಿ ಒಂದಕ್ಷರವೂ ಇಲ್ಲ. 1998ರಲ್ಲಿ ರಕ್ತವಾಂತಿಯಾಗಿ ಅವರು ಲಿಂಗೈಕ್ಯರಾದರು. ಆಗ ಅವರ ವಯಸ್ಸು 42. ನಾಲ್ಕು ವರ್ಷದ ಮೇಲೆ ಅವರ ಮಗಳಿಗೆ ಗೊತ್ತಾಗಿದ್ದ ಸಂಬಂಧವೊಂದು, ಕುಡಿದು ಸತ್ತವರ ಮನೆಯ ಹೆಣ್ಣು ಬೇಡವೆಂಬ ಕಾರಣಕ್ಕೆ ಮುರಿದುಬಿತ್ತು.

ತರ್ಕಸಂಗ್ರಹವನ್ನು ಓದಿದವರಿಗೆ ಹೊಗೆ ಮತ್ತು ಬೆಂಕಿಯ ದೃಷ್ಟಾಂತ ತಿಳಿದೇ ಇದೆ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ವ್ಯಾಪ್ತಿ ಸರಿಯಾದುದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂಬುದು ಸರಿಯಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಮೂವತ್ತು ವರ್ಷ ಹುಡುಗರಿಗೆ ಇದನ್ನೇ ಪಾಠ ಹೇಳಿದವರು ನಾವು. ಮದ್ಯಪಾನದಿಂದ ಯಕೃತ್ತು ಕೆಡುತ್ತದೆ, ನಿಜ. ಆದ್ದರಿಂದ ಯಕೃತ್ತು ಕೆಟ್ಟವನೆಲ್ಲ ಮದ್ಯಪಾನಿ ಎಂದು ಹೇಳುವ ವಿದ್ಯಾರ್ಥಿಯನ್ನು ನಾವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ಒಡಹುಟ್ಟಿದವನ ವಿಷಯದಲ್ಲಿ ಆ ಹೇತ್ವಾಭಾಸ ನಮ್ಮ ಕಣ್ಣಿಗೆ ಬೀಳಲಿಲ್ಲ.

2012ರಲ್ಲಿ ನಮಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಬೇಕಿತ್ತು. ಅದಕ್ಕೆ ಮುಂಚಿನ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ವೈರಾಣುವಿಗೆ ಎದುರಾಗಿ ಹುಟ್ಟುವ ಪ್ರತಿಕಾಯಗಳು ನಮ್ಮ ರಕ್ತದಲ್ಲಿ ಇವೆಯೆಂದು ಬಂದಿತು. ಗಾಬರಿಯಾಗಿ ತಂಗಿಯ ಮಗಳಿಗೆ ತಿಳಿಸಿದೆವು. ಆಕೆ ಇನ್ನೊಂದು ಪರೀಕ್ಷೆ ಮಾಡಿಸಿದಳು; ಅದು ವೈರಾಣುವನ್ನೇ ನೇರವಾಗಿ ಹುಡುಕುವಂಥದು. ಅದರಲ್ಲಿ ವೈರಾಣು ಸಿಕ್ಕಲಿಲ್ಲ. “ಮಾವ, ನಿಮ್ಮ ಮೈಗೆ ಎಂದೋ ಇದು ಬಂದಿತ್ತು; ನಿಮ್ಮ ಮೈಯೇ ಅದನ್ನು ಓಡಿಸಿದೆ. ಹೆಜ್ಜೆಗುರುತು ಮಾತ್ರ ಉಳಿದಿದೆ” ಎಂದಳು. ಎಂದಾದರೂ ರಕ್ತ ಹಾಕಿಸಿಕೊಂಡಿದ್ದೀರಾ ಎಂದು ಕೇಳಿದಳು, ಇಲ್ಲ. ಚಿಕ್ಕಂದಿನಲ್ಲಿ ಸೂಜಿಮದ್ದು? ಆ ಪ್ರಶ್ನೆಗೆ ನಮ್ಮ ಕಣ್ಣ ಮುಂದೆ ಬಂದುದು ಹಿತ್ತಾಳೆಯ ಡಬ್ಬಿ, ಜಗುಲಿ, ನಮ್ಮ ಮುಂದೆ ಕುಳಿತು ತೋಳು ಚಾಚಿದ ಅಣ್ಣನವರು.

ಈ ವೈರಾಣುವಿನ ಸ್ವಭಾವವನ್ನು ಆಕೆ ವಿವರಿಸಿದಳು. ಇದು ಹೊಕ್ಕವರಲ್ಲಿ ಸುಮಾರು 30 ಭಾಗದಷ್ಟು ಜನ ಆರು ತಿಂಗಳೊಳಗೆ ಯಾವ ಔಷಧವೂ ಇಲ್ಲದೆ ಅದರಿಂದ ಪಾರಾಗುತ್ತಾರೆ. ಮಿಕ್ಕ 70 ಭಾಗದವರಲ್ಲಿ ಅದು ಸದ್ದಿಲ್ಲದೆ ಉಳಿದುಕೊಂಡು ಇಪ್ಪತ್ತು, ಮೂವತ್ತು ವರ್ಷಗಳಲ್ಲಿ ಹಲವರ ಯಕೃತ್ತನ್ನು ಗಂಟುಗಟ್ಟಿಸುತ್ತದೆ. ಆರಂಭದಲ್ಲೇ ಕಾಮಾಲೆ ಕಾಣಿಸಿಕೊಂಡವರು ಪಾರಾಗುವ ಸಂಭವ ಹೆಚ್ಚಂತೆ. ಮೈ ಎಚ್ಚರಗೊಂಡು ಕಾದಾಡುವುದರಿಂದಲೇ ಆ ಹಳದಿ. ನಮ್ಮ ತಾಯಿಯವರು ಪುಕ್ಕಲೆಂದುಕೊಂಡ ಮೈ ಅಂದು ಹೋರಾಡುತ್ತಿತ್ತು. ಕಲ್ಲುಗುಂಡಿನಂತಿದ್ದ ಮೈ ಸುಮ್ಮನಿತ್ತು.

ಒಂದೇ ತಾಯಿಯ ಮಕ್ಕಳು, ಒಂದೇ ಮನೆಯ ಅನ್ನ, ಪ್ರಾಯಶಃ ಒಂದೇ ಸೂಜಿ. ಹಾಗಿದ್ದರೆ ಈ ಭೇದವೆಲ್ಲಿಂದ ಬಂದಿತು? ನಮ್ಮ ಪ್ರಶ್ನೆಗೆ ಆಕೆ ಐರ್ಲೆಂಡ್ ದೇಶದ ಒಂದು ದುರಂತವನ್ನು ಹೇಳಿದಳು. 1977–78ರಲ್ಲಿ ಆ ದೇಶದ ಬಾಣಂತಿಯರಿಗೆ ರಕ್ತದ ಗುಂಪಿನ ತೊಡಕಿಗಾಗಿ ಕೊಡುವ ಸೂಜಿಮದ್ದೊಂದರಲ್ಲಿ ಈ ವೈರಾಣು ಸೇರಿಹೋಗಿತ್ತು. ಮುಂದೆ 62,667 ಮಂದಿ ಸ್ತ್ರೀಯರನ್ನು ಪರೀಕ್ಷಿಸಿದಾಗ 704 ಮಂದಿಯಲ್ಲಿ ಸೋಂಕಿನ ಗುರುತು ಸಿಕ್ಕಿತು. ಅವರಲ್ಲಿ 390 ಮಂದಿಯಲ್ಲಿ ಮಾತ್ರ ವೈರಾಣು ಇನ್ನೂ ಇತ್ತು. ಎಲ್ಲರೂ ಹೆಂಗಸರು, ಹೆಚ್ಚುಕಡಿಮೆ ಒಂದೇ ಪ್ರಾಯದವರು, ಮೂಲವೂ ಒಂದೇ. ಆದರೂ ನೂರಕ್ಕೆ 45 ಮಂದಿ ಪಾರಾದರು, 55 ಮಂದಿ ಆಗಲಿಲ್ಲ.

ಭೇದದ ಒಂದಂಶವಾದರೂ ಹುಟ್ಟಿನಿಂದ ಬಂದುದೆಂದು 2009ರಲ್ಲಿ ಖಚಿತವಾಯಿತು. ನಮ್ಮ ಜೀವಕೋಶಗಳಲ್ಲಿರುವ 23 ಜೊತೆ ವರ್ಣತಂತುಗಳಲ್ಲಿ 19ನೆಯದರ ಮೇಲೆ, ಇಂಟರ್‌ಫೆರಾನ್ ಲ್ಯಾಂಬ್ಡಾ ಎಂಬ ರಕ್ಷಕದ್ರವ್ಯಗಳ ವಂಶವಾಹಿಗಳ ಬಳಿ, ಒಂದೇ ಒಂದು ಅಕ್ಷರದ ವ್ಯತ್ಯಾಸವಿದೆ. ಕೆಲವರಲ್ಲಿ ಅಲ್ಲಿ ‘ಸಿ’ ಅಕ್ಷರ, ಕೆಲವರಲ್ಲಿ ‘ಟಿ’. ತಂದೆಯಿಂದೊಂದು, ತಾಯಿಯಿಂದೊಂದು, ಹೀಗೆ ಪ್ರತಿಯೊಬ್ಬರಿಗೂ ಎರಡು ಪ್ರತಿ. ಎರಡೂ ‘ಸಿ’ ಆದವರು ತಾವಾಗಿಯೇ ಪಾರಾಗುವ ಸಂಭವ ಉಳಿದವರಿಗಿಂತ ಸುಮಾರು ಮೂರುಪಟ್ಟು. ಆಗ ಬಳಕೆಯಲ್ಲಿದ್ದ ಇಂಟರ್‌ಫೆರಾನ್ ಚಿಕಿತ್ಸೆಯೂ ಅವರಲ್ಲಿ ಸುಮಾರು ಎರಡುಪಟ್ಟು ಫಲಿಸುತ್ತಿತ್ತು. ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಆ ಚಿಕಿತ್ಸೆ ಯೂರೋಪ್ ಮೂಲದವರಿಗಿಂತ ಕಡಿಮೆ ಫಲಿಸುತ್ತಿದ್ದುದಕ್ಕೆ ಈ ಒಂದಕ್ಷರವೇ ಅರ್ಧದಷ್ಟು ಕಾರಣವೆಂದೂ ತಿಳಿದುಬಂದಿತು. ಅಕ್ಷರದೋಷದಿಂದ ಅರ್ಥ ಕೆಡುವುದನ್ನು ವ್ಯಾಕರಣದಲ್ಲಿ ಕಂಡಿದ್ದ ನಮಗೆ ಇದು ಅಷ್ಟೇನೂ ಅಪರಿಚಿತವೆನಿಸಲಿಲ್ಲ.

ಸೋಜಿಗವೆನಿಸಿದ್ದು 2013ರ ಶೋಧ. ಅದೇ ಜಾಗದಲ್ಲಿ ಇಂಟರ್‌ಫೆರಾನ್ ಲ್ಯಾಂಬ್ಡಾ-4 ಎಂಬ ಇನ್ನೊಂದು ವಂಶವಾಹಿ ಅಡಗಿದೆಯೆಂದು ಗೊತ್ತಾಯಿತು. ಅದು ಚೆನ್ನಾಗಿ ಕೆಲಸ ಮಾಡುವವರಲ್ಲಿ ವೈರಾಣು ಉಳಿದುಕೊಳ್ಳುತ್ತದೆ. ಅಕ್ಷರಭಂಗವಾಗಿ ಅದು ಕೆಲಸವನ್ನೇ ಮಾಡದಿರುವವರು ಪಾರಾಗುತ್ತಾರೆ! ವೈರಾಣುವಿನೆದುರು ನಿಲ್ಲಬೇಕಾದ ರಕ್ಷಕದ್ರವ್ಯವೇ ಇಲ್ಲದಿರುವುದು ಲಾಭವೆಂದರೆ ನಮ್ಮ ತರ್ಕಬುದ್ಧಿಗೆ ಒಗ್ಗದು. ಆಕೆಯ ವಿವರಣೆ ಹೀಗಿತ್ತು: ಅದಿರುವವರ ಯಕೃತ್ತಿನಲ್ಲಿ ಕೂಗು ಸದಾ ಎದ್ದಿರುತ್ತದೆ, ನಿಜವಾಗಿ ಕಳ್ಳ ಹೊಕ್ಕಾಗ ಆ ಕೂಗಿಗೆ ಯಾರೂ ಓಗೊಡುವುದಿಲ್ಲ. ಇದು ಪೂರ್ಣವಾದ ಉತ್ತರವಲ್ಲವೆಂದೂ ಆಕೆಯೇ ಸೇರಿಸಿದಳು. ಹೆಣ್ಣೋ ಗಂಡೋ, ವಯಸ್ಸೆಷ್ಟು, ವೈರಾಣುವಿನ ಯಾವ ಬಗೆ ಎಂಬುವೂ ಫಲವನ್ನು ಬದಲಿಸುತ್ತವೆ.

ಹಾಗಾದರೆ ಒಂದೇ ತಂದೆತಾಯಿಯ ಮಕ್ಕಳಲ್ಲಿ ಒಂದೇ ಅಕ್ಷರವಿರಬೇಡವೇ? ಬೇಕಿಲ್ಲ. ತಂದೆತಾಯಿ ಇಬ್ಬರಲ್ಲೂ ಒಂದು ‘ಸಿ’, ಒಂದು ‘ಟಿ’ ಇದ್ದರೆ ಪ್ರತಿಯೊಂದು ಮಗುವೂ ಇಬ್ಬರಿಂದ ಒಂದೊಂದು ಕವಡೆ ಬೀಳಿಸಿಕೊಂಡಂತೆ. ನಾಲ್ಕರಲ್ಲೊಂದು ಸಲ ಎರಡೂ ಮಗುಚಿ, ನಾಲ್ಕರಲ್ಲೊಂದು ಸಲ ಎರಡೂ ಅಂಗಾತ, ಮಿಕ್ಕ ಸಲ ಒಂದು ಹಾಗೆ ಒಂದು ಹೀಗೆ. ಅಣ್ಣನವರಿಗೆ ಬಿದ್ದುದು ಯಾವುದೋ, ನಮಗೆ ಬಿದ್ದುದು ಯಾವುದೋ. “ನಿಮ್ಮದನ್ನು ಬೇಕಾದರೆ ಪರೀಕ್ಷೆ ಮಾಡಿಸೋಣ, ಮಾವ” ಎಂದಳು. ನಾವು ಬೇಡವೆಂದೆವು. ನಮ್ಮದು ತಿಳಿದರೂ ಮಣ್ಣಿಗೆ ಸೇರಿದವರದು ತಿಳಿಯುವುದೆಂತು?

ಇಲ್ಲಿ ಆಕೆ ಇನ್ನೊಂದು ಮಾತು ತೆಗೆದಳು. ನಮ್ಮ ತಂದೆಯವರು ಕೈಹಿಡಿದುದು ಸ್ವಂತ ಅಕ್ಕನ ಮಗಳನ್ನು. ಅದು ನಮ್ಮ ಸೀಮೆಗೆ ಹೊಸದಲ್ಲ. 1980ರ ದಶಕದ ಆಸುಪಾಸಿನಲ್ಲಿ ಭಾರತೀಯ ವಿಜ್ಞಾನ ಮಂದಿರದ ಎನ್. ಅಪ್ಪಾಜಿ ರಾವ್ ಅವರೂ ಲಂಡನ್ನಿನ ಎ. ಎಚ್. ಬಿಟಲ್ಸ್ ಅವರೂ ಸಂಗಡಿಗರೊಡನೆ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ವಿಚಾರಿಸಿದಾಗ, ಮೂರರಲ್ಲೊಂದರಷ್ಟು ಮದುವೆಗಳು ರಕ್ತಸಂಬಂಧದೊಳಗೇ ಆದುವೆಂದೂ, ಅವುಗಳಲ್ಲಿ ಸೋದರಮಾವನಿಗೆ ಕೊಟ್ಟವೇ ಹೆಚ್ಚೆಂದೂ ಕಂಡಿತ್ತು. ಹತ್ತಿರದ ಸಂಬಂಧದಲ್ಲಿ ಒಂದೇ ಪೂರ್ವಜರಿಂದ ಇಳಿದ ಒಂದೇ ದೋಷ ಎರಡು ಕಡೆಯಿಂದಲೂ ಮಗುವಿಗೆ ಬರುವ ಸಂಭವ ಹೆಚ್ಚು. 2019ರಲ್ಲಿ ಪ್ರಕಟವಾದ ಒಂದು ಪ್ರಕರಣದಲ್ಲಿ, ಅದುವರೆಗೆ ಆರೋಗ್ಯವಾಗಿದ್ದ 11 ವರ್ಷದ ಬಾಲಕಿಯೊಬ್ಬಳು ಹೆಪಟೈಟಿಸ್ ಎ ಬಂದು ಯಕೃತ್ತು ಪೂರ್ತಿ ಕೆಟ್ಟು ತೀರಿಕೊಂಡಳು. ಅದು ಕಲುಷಿತ ನೀರಿನಿಂದ ಬರುವ, ಬಹುಪಾಲು ಮಕ್ಕಳಲ್ಲಿ ತಾನಾಗಿ ಹೋಗುವ ಕಾಯಿಲೆ. ಉರಿಯೂತಕ್ಕೆ ಕಡಿವಾಣ ಹಾಕುವ ವಂಶವಾಹಿಯೊಂದರ ಎರಡು ಪ್ರತಿಗಳೂ ಆಕೆಯಲ್ಲಿ ತುಂಡಾಗಿದ್ದವು. ಇಂಥದು ಅತ್ಯಂತ ವಿರಳ. ಅಕ್ಕನ ಮಗಳನ್ನು ತಂದುಕೊಂಡ ಮನೆಗಳೆಲ್ಲ ಭಯಪಡಬೇಕೆಂದು ನಾವು ಹೇಳುತ್ತಿಲ್ಲ. ನಾವೇ ಅಂಥ ಮನೆಯ ಮಕ್ಕಳು. ಆದರೆ ಆಸ್ತಿ ಹೊರಗೆ ಹೋಗಬಾರದೆಂದು ಇಂದಿಗೂ ಒಳಗೊಳಗೇ ಸಂಬಂಧ ಹುಡುಕುವ ಹಿರಿಯರು ಒಮ್ಮೆ ಯೋಚಿಸಲೆಂದು ನಮಗನಿಸುತ್ತದೆ. “ಹಳೆಯ ಕಾಲವಾಗಿದ್ದರೆ ನನ್ನನ್ನೂ ನಿಮಗೇ ಕಟ್ಟುತ್ತಿದ್ದರು, ಮಾವ” ಎಂದು ಆಕೆ ನಕ್ಕಳು.

ವಂಶವಾಹಿಯ ಭೇದವನ್ನು ಹುಡುಕಹೊರಟು ವೈರಾಣುವನ್ನೇ ಕಂಡುಹಿಡಿದ ಮಹನೀಯರೊಬ್ಬರೂ ಇದ್ದಾರೆ. ಅಮೆರಿಕದ ಬರೂಚ್ ಬ್ಲಂಬರ್ಗ್ ನಾನಾ ದೇಶಗಳ ಜನರ ರಕ್ತ ಸಂಗ್ರಹಿಸಿ ಅದರಲ್ಲಿನ ಹುಟ್ಟುವ್ಯತ್ಯಾಸಗಳನ್ನು ಅಭ್ಯಸಿಸುತ್ತಿದ್ದರು. 1963ರಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಹೊಸ ವಸ್ತುವೊಂದು ಕಂಡಿತು. ಇದೂ ವಂಶದಿಂದ ಬಂದ ಗುಣವೆಂದೇ ಅವರು ಮೊದಲು ಎಣಿಸಿದರು. ಆದರೆ ಒಮ್ಮೆ ಇಲ್ಲವೆಂದು ಬಂದ ರೋಗಿಯೊಬ್ಬನ ರಕ್ತದಲ್ಲಿ ಮುಂದೆ ಅದು ಕಾಣಿಸಿಕೊಂಡಿತು, ಜೊತೆಗೆ ಯಕೃತ್ತಿನ ಊತವೂ ಬಂದಿತ್ತು. ಹುಟ್ಟುಗುಣವಾದರೆ ನಡುವೆ ಬರುವುದುಂಟೇ? ಹೀಗೆ ಹೆಪಟೈಟಿಸ್ ಬಿ ವೈರಾಣು ಸಿಕ್ಕಿತು. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ತಮ್ಮ ಊಹೆಯನ್ನು ಕೈಬಿಡಲು ಅವರಿಗೆ ಒಬ್ಬ ರೋಗಿ ಸಾಕಾದ. ನಮಗೆ ಹದಿನಾಲ್ಕು ವರ್ಷ ಬೇಕಾದವು.

ಅದೇ ಬ್ಲಂಬರ್ಗರು ನಮ್ಮ ನೆಲನೆಲ್ಲಿಯನ್ನೂ ಪರೀಕ್ಷೆಗೊಡ್ಡಿದರೆಂದು ಕೇಳಿ ತಾಯಿಯವರ ನೆನಪಾಯಿತು. ಮದರಾಸಿನ ಎಸ್. ಪಿ. ತ್ಯಾಗರಾಜನ್ ಅವರೊಡನೆ 1988ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೆಪಟೈಟಿಸ್ ಬಿ ಉಳಿದುಕೊಂಡಿದ್ದವರ ಪೈಕಿ ನೆಲನೆಲ್ಲಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಾಣುವಿನ ಗುರುತು ಮಾಯವಾಗಿತ್ತು. ಹುಸಿಗುಳಿಗೆ ಪಡೆದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಆದರೆ ಬೇರೆಡೆ ನಡೆದ ಮುಂದಿನ ಪರೀಕ್ಷೆಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಹಳ್ಳಿಯ ಕಾಮಾಲೆಗಳಲ್ಲಿ ಹೆಚ್ಚಿನವು ತಾವಾಗಿ ಇಳಿಯುವಂಥವು. ಕೀರ್ತಿ ಮದ್ದು ಕೊಟ್ಟವರಿಗೆ ಹೋಗುತ್ತದೆ. ಇದನ್ನು ಬರೆಯುವಾಗ ತಾಯಿಯವರ ಕೈಯ ಹಸಿರು ವಾಸನೆ ನೆನಪಾಗಿ ಲೇಖನಿ ಹಿಂಜರಿಯುತ್ತದೆ, ಆದರೂ ಬರೆಯಬೇಕಾಗಿದೆ.

ಹೆಪಟೈಟಿಸ್ ಬಿ ಬೇರೆಯೇ ವೈರಾಣು. ಅದರ ಫಲವನ್ನು ವಂಶವಾಹಿಗಳಿಗಿಂತ ವಯಸ್ಸು ಹೆಚ್ಚಾಗಿ ನಿರ್ಧರಿಸುತ್ತದೆ: ಹೆರಿಗೆಯಲ್ಲಿ ತಾಯಿಯಿಂದ ತಗುಲಿದ ಶಿಶುಗಳಲ್ಲಿ ನೂರಕ್ಕೆ 90ರಲ್ಲಿ ಉಳಿದುಬಿಡುತ್ತದೆ, ದೊಡ್ಡವರಲ್ಲಿ ಐದಕ್ಕಿಂತ ಕಡಿಮೆ. ಅದಕ್ಕೆ ಲಸಿಕೆಯಿದೆ. 2011ರಿಂದ ದೇಶದಾದ್ಯಂತ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಸೇರಿದೆ. ಮೊದಲ ಚುಚ್ಚನ್ನು ಹುಟ್ಟಿದ 24 ಗಂಟೆಯೊಳಗೆ ಹಾಕಿಸಬೇಕು. ಹಸುಗೂಸಿಗೆ ಸೂಜಿ ಬೇಡವೆನ್ನುವ ಅಜ್ಜಿಯರಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿರಿ.

ಹೆಪಟೈಟಿಸ್ ಸಿ ವೈರಾಣುವಿಗೆ ಲಸಿಕೆಯಿಲ್ಲ, ಔಷಧವುಂಟು. 1989ರಲ್ಲಷ್ಟೇ ಪತ್ತೆಯಾದ ಈ ವೈರಾಣುವಿಗೆ 2013ರ ಹೊತ್ತಿಗೆ ಹೊಸ ಗುಳಿಗೆಗಳು ಬಂದವು. 12 ವಾರ ನುಂಗಿದರೆ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಗುಣ ಹೊಂದುತ್ತಾರೆ. 19ನೆಯ ವರ್ಣತಂತುವಿನಲ್ಲಿ ಯಾವ ಅಕ್ಷರವಿದ್ದರೂ ಈಗ ಅಷ್ಟಾಗಿ ಲೆಕ್ಕವಿಲ್ಲ. ಬ್ಲಂಬರ್ಗರ ಹುಟ್ಟುದಿನವಾದ ಜುಲೈ 28ರಂದು, 2018ರಲ್ಲಿ, ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದರಲ್ಲಿ ಪರೀಕ್ಷೆಯೂ ಗುಳಿಗೆಯೂ ಉಚಿತ. ಇದನ್ನು ಆಕೆಯಿಂದ ತಿಳಿದ ಮೇಲೆ ನಾವು ಕೆರಗೋಡಿಗೆ ಹೋಗಿ, 1971ರಲ್ಲಿ ಅದೇ ಪಿಚಕಾರಿಗೆ ತೋಳು ಕೊಟ್ಟಿದ್ದವರಲ್ಲಿ ಬದುಕಿರುವವರನ್ನು ಹುಡುಕಿದೆವು. ಆರು ಮಂದಿ ಪರೀಕ್ಷೆಗೆ ಒಪ್ಪಿದರು. ಇಬ್ಬರಲ್ಲಿ ಪ್ರತಿಕಾಯಗಳಿದ್ದವು, ಆ ಇಬ್ಬರಲ್ಲಿ ಒಬ್ಬರಲ್ಲಿ ವೈರಾಣುವೂ ಇತ್ತು. ಅವರು ನಮ್ಮ ಜೊತೆ ಗೋಲಿಯಾಡಿದವರು. ಹೊಟ್ಟೆಯಲ್ಲಿ ಏನೋ ಭಾರವೆಂದು ವರ್ಷಗಳಿಂದ ಹೇಳುತ್ತಿದ್ದರಂತೆ, ಯಾರೂ ಕಿವಿಗೊಟ್ಟಿರಲಿಲ್ಲ. 12 ವಾರ ಗುಳಿಗೆ ನುಂಗಿದರು. ಆಮೇಲಿನ ಪರೀಕ್ಷೆಯಲ್ಲಿ ವೈರಾಣು ಇರಲಿಲ್ಲ. ಅವರು ಕಳಿಸಿಕೊಟ್ಟ ಒಂದು ಪಿಂಡಿ ಬೆಲ್ಲವನ್ನು ನಾವು ಬಹಳ ದಿನ ಬಳಸಲಾರದೆ ಇಟ್ಟಿದ್ದೆವು.

ಅಣ್ಣನವರಿಗೆ ಇದೇ ಕಾಯಿಲೆಯಿತ್ತೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವಿಲ್ಲ. ಅವರ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ. ಇರುವುದು ಅನುಮಾನ ಪ್ರಮಾಣ ಮಾತ್ರ, ಆದರೆ ಈ ಸಲ ಹೇತು ಗಟ್ಟಿಯಾಗಿದೆ. 2012ರಲ್ಲೇ ಇದು ನಮಗೆ ಹೊಳೆದಿತ್ತು. ಅತ್ತಿಗೆಯವರಿಗೆ ಹೇಳುವ ಧೈರ್ಯವಾಗದೆ ಹನ್ನೊಂದು ವರ್ಷ ಕಳೆದೆವು. ಆರಾಧನೆಯ ಹಿಂದಿನ ರಾತ್ರಿ ನಡುಮನೆಯಲ್ಲಿ ಅವಲಕ್ಕಿ ಆರಿಸುತ್ತಿದ್ದ ಅವರ ಬಳಿ ಕುಳಿತು ಎಲ್ಲವನ್ನೂ ಹೇಳಿದೆವು. ಸೂಜಿ, ವೈರಾಣು, ಅಕ್ಷರ, ಎಲ್ಲವನ್ನೂ. ಅವರು ಕೈ ನಿಲ್ಲಿಸಲಿಲ್ಲ.

“ಅವ್ರು ಕುಡೀತಿರ್ಲಿಲ್ಲ ಅಂತ ನಂಗ್ ಗೊತ್ತಿರ್ಲಿಲ್ವೇನಪ್ಪ? ಜೊತೇಲಿ ಬಾಳಿದೋಳು ನಾನು. ನೀವ್ ಓದ್ದೋರು ನನ್ನ ಯಾವತ್ತು ಕೇಳಿದ್ರಿ?”

ನಮ್ಮಲ್ಲಿ ಉತ್ತರವಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ, “ನಂಗ್ ಹೇಳಿ ಏನಾಯ್ತದೆ, ನಾಳೆ ಬತ್ತಾರಲ್ಲ, ಅವ್ರ ಮುಂದೆ ಹೇಳಿ” ಎಂದರು.

ಮರುದಿನ ಪಂಕ್ತಿ ಕೂರುವ ಮುಂಚೆ ಎದ್ದು ನಿಂತು ಹೇಳಿದೆವು. ನಾವು ಬರೆದ ಕಾಗದದ ವಿಷಯವನ್ನೂ ಮುಚ್ಚಲಿಲ್ಲ. ಹಿಂದೆ ಜಗುಲಿಯ ಮೇಲೆ ಮಾತಾಡಿದ್ದವರಲ್ಲಿ ಒಬ್ಬಿಬ್ಬರು ಅಲ್ಲಿದ್ದರು. ತಲೆ ತಗ್ಗಿಸಿಕೊಂಡು ಕೇಳಿದರು. ಅಣ್ಣನವರ ಮಗಳು ಬಾಗಿಲ ಬಳಿ ನಿಂತಿದ್ದಳು. ಅತ್ತಿಗೆಯವರು ಒಳಗಿನಿಂದ ಎಲೆ ಹಾಕಲು ಹೇಳಿಕಳಿಸಿದರು.